ಅರವತ್ತು ದಾಟಿದ ಮೇಲೆ ಕಾರಿಗೆ ಯಾವ ಇನ್ಶೂರೆನ್ಸ್ ಸಾಕು?

ಕಳೆದ ತಿಂಗಳು ಕಾರು ಕೊಂಡ ಶೋರೂಮಿನಿಂದ ಫೋನ್ ಬಂತು. "ಸಾರ್, ಇನ್ಶೂರೆನ್ಸ್ ರಿನ್ಯೂವಲ್ ಇದೆ. ಈ ವರ್ಷ 11,878 ಆಗುತ್ತೆ. ಲಿಂಕ್ ಕಳಿಸ್ಲಾ?" ನನಗೀಗ 66. "ಸೀನಿಯರ್ ಸಿಟಿಜನ್‌ಗೆ ಏನಾದ್ರೂ ಕಡಿಮೆ ಇದೆಯೇನಮ್ಮಾ?" ಅಂತ ಕೇಳಿದೆ. "ಇಲ್ಲ ಸಾರ್, ಇದು ಬಸ್ ಅಲ್ವಲ್ಲ" ಅಂದಳು ಹುಡುಗಿ.

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ 60 ದಾಟಿದವರಿಗೆ ಟಿಕೆಟ್‌ನಲ್ಲಿ ಶೇ 25 ಕಡಿಮೆ. ಕಾರಿನ ಇನ್ಶೂರೆನ್ಸ್‌ಗೆ ಅಂಥ ನಿಯಮ ನಮ್ಮಲ್ಲಿಲ್ಲ. ಅಮೆರಿಕದಲ್ಲಿರುವ ಮಗಳು ಬೇರೆ ಕಥೆ ಹೇಳುತ್ತಾಳೆ. ಅಲ್ಲಿ ಹಲವು ರಾಜ್ಯಗಳಲ್ಲಿ 55 ದಾಟಿದವರು ಒಂದು ಡ್ರೈವಿಂಗ್ ಕೋರ್ಸ್ ಮುಗಿಸಿದರೆ ಪ್ರೀಮಿಯಂ ಇಳಿಯುತ್ತದಂತೆ. "ಅಪ್ಪ, ನೀನೂ ಕೇಳಿ ನೋಡು" ಅಂದಳು. ಕೇಳಿ ನೋಡಿದ್ದಾಯಿತು, ನಗಿಸಿಕೊಂಡಿದ್ದೂ ಆಯಿತು.

ಆದರೆ ಆ ಬಿಲ್ಲನ್ನು ಮುಂದಿಟ್ಟುಕೊಂಡು ನಾಲ್ಕು ದಿನ ಕೂತಾಗ ಒಂದು ವಿಷಯ ತಿಳಿಯಿತು. ನಮ್ಮ ವಯಸ್ಸಿಗೆ ರಿಯಾಯಿತಿ ಇಲ್ಲ ನಿಜ, ನಾವು ಕಡಿಮೆ ಓಡಿಸುತ್ತೇವೆ, ಕಡಿಮೆ ಕ್ಲೇಮ್ ಮಾಡುತ್ತೇವೆ ಅನ್ನೋದಕ್ಕೆ ಖಂಡಿತ ಇದೆ. ಯಾರೂ ತಾವಾಗಿ ಕೊಡುವುದಿಲ್ಲ, ಕೇಳಿ ತೆಗೆದುಕೊಳ್ಳಬೇಕು.

ನಾವಿರುವುದು ಕೆಂಗೇರಿ ಉಪನಗರದಲ್ಲಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು. ಅಲ್ಲಿಂದ ನಮ್ಮ ಕಾರು ಹೆಚ್ಚು ಹೊತ್ತು ಗೇಟಿನ ಒಳಗೇ. ನಮ್ಮ ಮನೆಯವರಿಗಂತೂ 2023ರ ಜೂನ್‌ನಿಂದ ಬಸ್ಸೇ ಫ್ರೀ, ಅವರಿಗೆ ನಾನೂ ಬೇಡ, ಕಾರೂ ಬೇಡ. ವಾರಕ್ಕೊಮ್ಮೆ ತರಕಾರಿ, ತಿಂಗಳಿಗೊಮ್ಮೆ ಡಾಕ್ಟರು, ಎರಡು ತಿಂಗಳಿಗೊಮ್ಮೆ ಮೈಸೂರು. ಕಳೆದ ವರ್ಷ ಓಡಿದ್ದು ಬರೀ 2,900 ಕಿಲೋಮೀಟರ್. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವ ಹುಡುಗ ಕಟ್ಟುವಷ್ಟೇ ದುಡ್ಡನ್ನು ನಾನ್ಯಾಕೆ ಕಟ್ಟಬೇಕು?

ಮೊದಲು ಬಿಲ್ ಓದಿ

ನನ್ನದು 2019ರ ಪೆಟ್ರೋಲ್ ಕಾರು, 1,197 ಸಿಸಿ. ಶೋರೂಮಿನ ಬಿಲ್ ಹೀಗಿತ್ತು. ಓಡಿ, ಅಂದರೆ ನಮ್ಮ ಕಾರಿಗೇ ಆಗುವ ಹಾನಿಯ ಭಾಗ, 8,000. ಅದರಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಸಿಗುವ ರಿಯಾಯಿತಿ, ಶೇ 50 ಕಳೆದು 4,000. ಥರ್ಡ್ ಪಾರ್ಟಿ, ಅಂದರೆ ನಮ್ಮಿಂದ ಬೇರೆಯವರಿಗೆ ಆಗುವ ಹಾನಿಯ ಭಾಗ, 3,416. ಮಾಲೀಕನ ಅಪಘಾತ ವಿಮೆ 350. ಆಮೇಲೆ ಝೀರೊ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಕವರ್), ಟೈರ್, ಕೀಲಿ, ಕನ್ಸ್ಯೂಮಬಲ್ಸ್ (ಎಣ್ಣೆ, ನಟ್ಟು ಬೋಲ್ಟಿನಂಥವು), ರೋಡ್‌ಸೈಡ್ ಅಂತ ಒಂದು ಕಟ್ಟು, 2,300. ಇಷ್ಟರ ಮೇಲೆ ಶೇ 18 ಜಿಎಸ್‌ಟಿ.

ಇದರಲ್ಲಿ ಥರ್ಡ್ ಪಾರ್ಟಿ ಭಾಗವನ್ನು ಮುಟ್ಟುವ ಹಾಗಿಲ್ಲ. ಅದರ ದರ ಸರ್ಕಾರ ಗೊತ್ತು ಮಾಡಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094, 1,500 ಸಿಸಿವರೆಗೆ 3,416, ಅದರ ಮೇಲಿನದಕ್ಕೆ 7,897 ರೂಪಾಯಿ. ಯಾವ ಕಂಪನಿಗೆ ಹೋದರೂ ಅಷ್ಟೇ. "ಥರ್ಡ್ ಪಾರ್ಟಿಯಲ್ಲಿ ನಿಮಗೆ ಡಿಸ್ಕೌಂಟ್ ಕೊಡಿಸ್ತೀನಿ" ಅನ್ನುವವರ ಫೋನನ್ನು ಅಲ್ಲೇ ಇಟ್ಟುಬಿಡಿ. ಹೊಸ ಕಾರು ಕೊಳ್ಳುವವರಿಗೆ ಎಂಜಿನ್ ಚಿಕ್ಕದಿದ್ದರೆ ದರ ಇಳಿಯುತ್ತದೆ, ಇಲ್ಲವೇ ಕಾರು ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಆಗಿದ್ದರೆ. 1,500 ಸಿಸಿ ದಾಟಿದ ಗಾಡಿ ಕೊಂಡರೆ ವರ್ಷ ವರ್ಷವೂ ಎರಡು ಪಟ್ಟಿಗಿಂತ ಜಾಸ್ತಿ ಕಟ್ಟುತ್ತಲೇ ಇರಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೇಳಿದ್ದು. ಮಲ್ಲೇಶ್ವರದಿಂದ ಊರಾಚೆಗೆ ಬಂದರೆ ಪ್ರೀಮಿಯಂ ಇಳಿಯುತ್ತದೆ ಅಂತ. ಇಲ್ಲ. ಟ್ಯಾರಿಫ್, ಅಂದರೆ ಓಡಿಗೆ ಇದ್ದ ಹಳೆಯ ದರಪಟ್ಟಿ, ಅದರ ಲೆಕ್ಕದಲ್ಲಿ ದೇಶಕ್ಕೆ ಎರಡೇ ಝೋನ್. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ಕೋಲ್ಕತ್ತ, ಪುಣೆ, ಅಹಮದಾಬಾದ್ ಎ ಝೋನ್. ಉಳಿದದ್ದು ಬಿ. ನೋಡುವುದು ಗಾಡಿ ರಿಜಿಸ್ಟರ್ ಆದ ಊರನ್ನು, ನೀವು ಮಲಗುವ ಮನೆಯನ್ನಲ್ಲ. ಯಲಹಂಕ ಉಪನಗರವೋ ಜಯನಗರವೋ, ಎರಡೂ ಎ. ಬಿ ಝೋನ್ ಆಗಿದ್ದರೂ 5 ಲಕ್ಷದ ಕಾರಿಗೆ ಟ್ಯಾರಿಫ್ ಪ್ರಕಾರ ವ್ಯತ್ಯಾಸ 460 ರೂಪಾಯಿ. ಅದಕ್ಕಾಗಿ ತಮ್ಮನ ಊರಿನ ವಿಳಾಸ ಕೊಡುವ ಚಾಲಾಕಿತನ ಬೇಡ.

ಬರೀ ಥರ್ಡ್ ಪಾರ್ಟಿ ಸಾಕಾ?

ಕಾನೂನಿಗೆ ಸಾಕು. ವಿಮೆಯೇ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಇದೆ, ಜೈಲೂ ಆಗಬಹುದು. ಹಾಗಾಗಿ ಇದು ಇರಲೇಬೇಕು. ಆದರೆ ಇದು ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಕಾರಿಗೆ ಬಿಡಿಗಾಸೂ ಇಲ್ಲ.

"ನಾನು ನಿಧಾನಕ್ಕೆ ಓಡಿಸ್ತೀನಿ, ನನಗ್ಯಾಕೆ ಫುಲ್ ಇನ್ಶೂರೆನ್ಸ್" ಅನ್ನುತ್ತಿದ್ದರು ನಮ್ಮ ಬೀದಿಯ ಒಬ್ಬರು. ಏಪ್ರಿಲ್‌ನ ಒಂದು ಸಂಜೆ ಅರ್ಧ ಗಂಟೆ ಆಲಿಕಲ್ಲು ಮಳೆ. ಅವರ ಮನೆ ಮುಂದಿನ ಗುಲ್‌ಮೊಹರ್ ಮರದ ಕೊಂಬೆ ಸೀದಾ ಕಾರಿನ ಮೇಲೆ. ಬಾನೆಟ್ಟು, ಮುಂದಿನ ಗಾಜು ಎರಡೂ ಹೋದವು. ಆಗ ಅವರು ಕಾರಿನಲ್ಲೂ ಇರಲಿಲ್ಲ, ಒಳಗೆ ಕಾಫಿ ಕುಡಿಯುತ್ತಿದ್ದರು. ನಿಂತ ಕಾರಿಗೂ ಬೆಂಗಳೂರಿನಲ್ಲಿ ಅಪಾಯ ಇದೆ, ಅದೂ ಮೇಲಿನಿಂದ. ಮರ, ಮಳೆ ನೀರು, ಕಳವು, ಬೆಂಕಿ, ಎಲ್ಲವೂ ಸಿಗುವುದು ಪೂರ್ತಿ ಪಾಲಿಸಿಯಲ್ಲಿ.

ನನ್ನ ಲೆಕ್ಕ ಇಷ್ಟೇ. ಕಾರಿನ ಬೆಲೆ ಒಂದು ಲಕ್ಷಕ್ಕಿಂತ ಕಡಿಮೆ, ಹನ್ನೆರಡು ಹದಿಮೂರು ವರ್ಷ ಹಳೆಯದು, ಶೆಡ್ಡಿನಲ್ಲಿ ನಿಲ್ಲುತ್ತದೆ ಅಂದರೆ ಥರ್ಡ್ ಪಾರ್ಟಿ ಸಾಕು. ಇಲ್ಲದಿದ್ದರೆ ಪೂರ್ತಿ ಪಾಲಿಸಿಯನ್ನೇ ಇಟ್ಟುಕೊಂಡು ಅದರೊಳಗೆ ಉಳಿತಾಯ ಹುಡುಕುವುದು ಲೇಸು.

ಬಂಪರ್ ಕಥೆ

ಈಗ ನಿಜವಾದ ದುಡ್ಡು ಇರುವ ಜಾಗಕ್ಕೆ ಬರೋಣ.

ಎರಡು ವರ್ಷದ ಹಿಂದೆ ಮನೆಯಿಂದ ರಿವರ್ಸ್ ತೆಗೆಯುವಾಗ ಗೇಟಿನ ಕಂಬಕ್ಕೆ ಹಿಂದಿನ ಬಂಪರ್ ತಾಗಿಸಿದೆ. ತಪ್ಪು ನನ್ನದೇ. ಕತ್ತು ಪೂರ್ತಿ ತಿರುಗುವುದಿಲ್ಲ ಈಗ. ಗ್ಯಾರೇಜಿನವನು ಹೊಸ ಬಂಪರ್ 4,000, ಪೇಂಟ್ 3,000, ಒಟ್ಟು 7,000 ಅಂದ. "ಸುಮ್ನೆ ಕ್ಲೇಮ್ ಹಾಕಿ ಸಾರ್, ಇನ್ಶೂರೆನ್ಸ್ ಇರೋದು ಯಾಕೆ ಮತ್ತೆ" ಅಂತ ಸಲಹೆಯನ್ನೂ ಕೊಟ್ಟ.

ನಾನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಎಸ್ಟಿಮೇಟಿನ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಬಂಪರ್ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿಗೆ ಸವಕಳಿ ಶೇ 50, ಹಾಗಾಗಿ 2,000 ಹೋಯಿತು. ಪೇಂಟಿನ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಾನು ಅಂತ ಹಿಡಿದು ಅದರ ಅರ್ಧ ಕಳೆಯುತ್ತಾರೆ, 375 ಹೋಯಿತು. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೊನೆಗೆ ಕೈಗೆ ಬರುವುದು 3,625.

ಇನ್ನು ಕಳೆದುಕೊಳ್ಳುವುದೆಷ್ಟು? ಕ್ಲೇಮ್ ಇಲ್ಲದ ವರ್ಷಗಳಿಗೆ ಬೋನಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಶೇ 20, 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೇಮ್ ಹಾಕಿದರೆ ಸೀದಾ ಕೆಳಗೆ, ಸೊನ್ನೆಗೆ. ಮತ್ತೆ ಒಂದೊಂದೇ ಮೆಟ್ಟಿಲು. ಓಡಿ 8,000 ಇದ್ದಂತೆಯೇ ಇದೆ ಅಂತ ಹಿಡಿದರೆ ಮೊದಲ ವರ್ಷ 4,000 ನಷ್ಟ, ಎರಡನೇ ವರ್ಷ 2,400, ಆಮೇಲೆ 2,000, 1,200, 400. ಕೂಡಿಸಿ: 10,000. ಜಿಎಸ್‌ಟಿ ಸೇರಿದರೆ 11,800. ಕಾರಿನ ಬೆಲೆ ಇಳಿದಂತೆ ಓಡಿಯೂ ಸ್ವಲ್ಪ ಇಳಿಯುತ್ತದೆ, ಅದನ್ನು ಬಿಟ್ಟರೂ 3,625ಕ್ಕೆ ಅಷ್ಟೊಂದು ಬಿಡಬೇಕಾ?

ಹಳೆಯ ಬಂಪರನ್ನೇ ಬೆಸೆದು ಪೇಂಟ್ ಮಾಡಿಸಿದೆ. 2,800 ಆಯಿತು. ಹತ್ತಿರ ಬಂದು ನೋಡಿದರೆ ಗೊತ್ತಾಗುತ್ತದೆ. ಹತ್ತಿರ ಬಂದು ನನ್ನ ಬಂಪರ್ ನೋಡುವವರು ಯಾರಿದ್ದಾರೆ ಹೇಳಿ.

ಈ ಬೋನಸ್ ಕಾರಿನದ್ದಲ್ಲ, ನಿಮ್ಮದು. ಇದನ್ನು ಮರೆತು ಎಷ್ಟೋ ಜನ ಕಾರಿನ ಜೊತೆಗೇ ಕಳೆದುಕೊಳ್ಳುತ್ತಾರೆ. ಹಳೆ ಕಾರು ಮಾರಿದರೆ ಕಂಪನಿಯಿಂದ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಪತ್ರ ಕೇಳಿ ಇಟ್ಟುಕೊಳ್ಳಿ. ಮೂರು ವರ್ಷದೊಳಗೆ ಬೇರೆ ಕಾರು ಕೊಂಡರೆ ಅದಕ್ಕೆ ಹಚ್ಚಬಹುದು. ಕಂಪನಿ ಬದಲಾಯಿಸಿದರೂ ಹೋಗುವುದಿಲ್ಲ. ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಪೂರ್ತಿ ಹೋಯಿತು. ಮಕ್ಕಳ ಮನೆಗೆ ವಿದೇಶಕ್ಕೆ ಹೋಗಿ ಆರು ತಿಂಗಳು ಕೂರುವ ನಮ್ಮಂಥವರು ಎಡವುವುದು ಇಲ್ಲೇ. ಹೊರಡುವ ಮೊದಲೇ ರಿನ್ಯೂ ಮಾಡಿ ಹೋಗಿ.

ಎದುರು ಮನೆಯ ಮೇಷ್ಟ್ರು ಹೋದಾಗ ಕಾರು ಅವರ ಹೆಂಡತಿಯ ಹೆಸರಿಗೆ ಆಯಿತು. ಕಂಪನಿಯವರು ಸೊನ್ನೆ ಬೋನಸ್‌ನಲ್ಲಿ ಬಿಲ್ ಕಳಿಸಿದ್ದರು. ಮಾಲೀಕ ತೀರಿಕೊಂಡು ಕಾರು ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆ ತಾಯಿಗೆ ಬಂದರೆ ಬೋನಸ್ ಕೂಡ ಅವರಿಗೆ ಬರುತ್ತದೆ. ಪತ್ರ ಬರೆದು ಕೇಳಿದ ಮೇಲೆ ಸರಿ ಮಾಡಿಕೊಟ್ಟರು.

ವಾಲಂಟರಿ ಕಡಿತವೋ, ಕಿಲೋಮೀಟರ್ ಪಾಲಿಸಿಯೋ

ಸಣ್ಣಪುಟ್ಟದಕ್ಕೆ ಹೇಗೂ ಕ್ಲೇಮ್ ಹಾಕುವುದಿಲ್ಲ ಅಂತ ತೀರ್ಮಾನ ಆಯಿತಲ್ಲ, ಅದನ್ನೇ ಕಂಪನಿಗೆ ಹೇಳಿ ದುಡ್ಡು ಉಳಿಸಬಹುದು. ಇದಕ್ಕೆ ವಾಲಂಟರಿ ಡಿಡಕ್ಟಿಬಲ್ ಅಂತಾರೆ. ಪ್ರತಿ ಕ್ಲೇಮ್‌ನಲ್ಲೂ ಮೊದಲ ಇಷ್ಟು ರೂಪಾಯಿ ನನ್ನದು ಅಂತ ಒಪ್ಪಿಕೊಳ್ಳುವುದು. ಹಳೆ ಟ್ಯಾರಿಫ್ ಲೆಕ್ಕದಲ್ಲಿ 2,500 ಒಪ್ಪಿದರೆ ಓಡಿಯಲ್ಲಿ ಶೇ 20 ಕಡಿಮೆ, ಆದರೆ 750 ಮೀರುವಂತಿಲ್ಲ. 5,000ಕ್ಕೆ ಶೇ 25, ಹೆಚ್ಚೆಂದರೆ 1,500. 15,000ಕ್ಕೆ ಶೇ 35, ಹೆಚ್ಚೆಂದರೆ 2,500. ನೋಡಿ, 5,000ದಿಂದ 15,000ಕ್ಕೆ ಹೋದರೆ ಹೆಗಲ ಮೇಲೆ ಇನ್ನೂ ಹತ್ತು ಸಾವಿರದ ಭಾರ, ಉಳಿಯುವುದು ಹೆಚ್ಚೆಂದರೆ ಇನ್ನೊಂದು ಸಾವಿರ. ಪಿಂಚಣಿಯ ಮೇಲೆ ಇರುವವರಿಗೆ 5,000 ಸರಿಯಾದ ಜಾಗ.

ಕಿಲೋಮೀಟರ್ ಪಾಲಿಸಿ ಹೊಸದು. 2022ರ ಜುಲೈನಲ್ಲಿ ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದಕ್ಕೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಅಂತ ಮೊದಲೇ ಆರಿಸಿಕೊಳ್ಳಬೇಕು. ಓಡಿ ಭಾಗ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಮಾಮೂಲಿ ಪಾಲಿಸಿಯಲ್ಲಿ ತಲೆನೋವಿಲ್ಲ, ಎಷ್ಟಾದರೂ ಓಡಿಸಿ. ಇದರಲ್ಲಿ ಮೀಟರ್ ಮೇಲೆ ಒಂದು ಕಣ್ಣಿರಬೇಕು. ಕೆಲವರು ಓಡೋಮೀಟರ್ ಫೋಟೊ ಕೇಳುತ್ತಾರೆ, ಕೆಲವರು ಕಾರಿಗೆ ಒಂದು ಸಣ್ಣ ಸಾಧನ ಹಾಕುತ್ತಾರೆ. ಮಿತಿ ದಾಟಿದರೆ ಏನು ಅನ್ನೋದನ್ನು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಓದಿಕೊಳ್ಳಿ. ಟಾಪ್‌ಅಪ್ ಮಾಡಬಹುದಾ, ಅಥವಾ ಓಡಿ ಕ್ಲೇಮೇ ನಿಲ್ಲುತ್ತದಾ? ಕಂಪನಿಯಿಂದ ಕಂಪನಿಗೆ ಇದೇ ದೊಡ್ಡ ವ್ಯತ್ಯಾಸ.

ವರ್ಷಕ್ಕೆ 5,000ಕ್ಕಿಂತ ಕಡಿಮೆ ಓಡಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮಗ ಶನಿವಾರ ಭಾನುವಾರ ಕಾರು ತಗೊಂಡು ಸಕಲೇಶಪುರಕ್ಕೆ ಹೋಗುವ ಮನೆಯಾದರೆ ಬೇಡ. ಮಕ್ಕಳು ಕಿಲೋಮೀಟರ್ ಕೇಳಿ ಓಡಿಸುವುದಿಲ್ಲ.

ಕಳವು ತಡೆಯುವ ಸಾಧನಕ್ಕೆ ಓಡಿಯಲ್ಲಿ ಶೇ 2.5 ಕಡಿಮೆ, ಗರಿಷ್ಠ 500. ಆಟೊಮೊಬೈಲ್ ಸಂಘದ ಸದಸ್ಯತ್ವಕ್ಕೆ ಗರಿಷ್ಠ 200. ಈಗಾಗಲೇ ಇದ್ದರೆ ಕೇಳಿ, ಇದಕ್ಕಾಗಿ ದುಡ್ಡು ಹಾಕಬೇಡಿ.

ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಝೀರೊ ಡೆಪ್, ಅಂದರೆ ಬಂಪರ್ ಟು ಬಂಪರ್, ಮೂರು ವರ್ಷದೊಳಗಿನ ಕಾರಿಗೆ ಒಳ್ಳೆಯದು. ಆರು ವರ್ಷ ದಾಟಿದ ಕಾರಿಗೆ, ಸಣ್ಣ ಕ್ಲೇಮ್ ಹಾಕದವರಿಗೆ, ಬೇಡ. ಕೀಲಿ ಕವರ್, ಟೈರ್ ಕವರ್ ಅಂತೂ ಬೇಡವೇ ಬೇಡ.

ಎಂಜಿನ್ ಪ್ರೊಟೆಕ್ಟ್ ಮಾತ್ರ ಬೇರೆ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯಲ್ಲಿ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರಲ್ಲೂ 2024ರಲ್ಲೂ ನೀರು ನುಗ್ಗಿತು. ಹೊರಮಾವಿನ ಸಾಯಿ ಲೇಔಟ್ ಬಗ್ಗೆ ಹೇಳುವುದೇ ಬೇಡ. ನೀರು ನಿಂತ ಕಾರನ್ನು ಒಂದು ಸಲ ಸ್ಟಾರ್ಟ್ ಮಾಡಿದರೆ ಸಾಕು, ನೀರು ಎಂಜಿನ್ನಿನೊಳಗೆ ಹೋಗಿ ಸೀಜ್ ಆಗುತ್ತದೆ. ಆಗ ಮಾಮೂಲಿ ಪಾಲಿಸಿಯವರು ಇದು ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಕೈ ಎತ್ತುತ್ತಾರೆ. ಮನೆ ತಗ್ಗಿನಲ್ಲಿದ್ದರೆ, ಪಾರ್ಕಿಂಗ್ ಬೇಸ್‌ಮೆಂಟ್‌ನಲ್ಲಿದ್ದರೆ, ಇದನ್ನು ತೆಗೆದುಕೊಳ್ಳಿ. ನೀರು ನಿಂತರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಸಂಜೆ ಹೊತ್ತು ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತದೆ ಅಂತ ನಾವು ಈಗೀಗ ಡ್ರೈವರ್ ಕರೆಸುತ್ತೇವೆ. ಅಂಥವರು ಪಾಲಿಸಿಯಲ್ಲಿ ಸಂಬಳದ ಡ್ರೈವರಿನ ಹೊಣೆಯನ್ನು ಸೇರಿಸಿ. ಟ್ಯಾರಿಫ್ ದರ ಬರೀ 50 ರೂಪಾಯಿ. ನನ್ನ ಹಳೆ ಬಿಲ್ಲಿನಲ್ಲಿ ಕೀಲಿಗೂ ಟೈರಿಗೂ ಕವರ್ ಇತ್ತು, ಡ್ರೈವರಿಗೆ ಇರಲಿಲ್ಲ!

ಮಾಲೀಕನ ಅಪಘಾತ ವಿಮೆ 15 ಲಕ್ಷದ್ದು, ಕಡ್ಡಾಯ. ಆದರೆ ಇದು ಮನುಷ್ಯನಿಗೆ, ಗಾಡಿಗಲ್ಲ. ಸ್ಕೂಟರೂ ಕಾರೂ ನಿಮ್ಮ ಹೆಸರಲ್ಲೇ ಇದ್ದರೆ ಎರಡು ಸಲ ಕಟ್ಟಬೇಕಿಲ್ಲ. ಬೇರೆ ಕಡೆ 15 ಲಕ್ಷದ ಅಪಘಾತ ಪಾಲಿಸಿ ಇದ್ದರೂ ಬೇಡ. ಎರಡೂ ಇಲ್ಲದಿದ್ದರೆ ಬಿಡಬೇಡಿ.

ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಹಾಕಿದ ಬೆಲೆ, ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಒಂದು ಆಟ. ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ಕೋಟ್ ಕಂಡರೆ ಮೊದಲು ಐಡಿವಿ ನೋಡಿ. ನನಗೆ ಬಂದ ಒಂದರಲ್ಲಿ 3.4 ಲಕ್ಷದ ಕಾರಿಗೆ 2.5 ಅಂತ ಹಾಕಿದ್ದರು. ಕಾರು ಕಳುವಾದರೆ ಸಿಗುವುದು ಆ 2.5 ಮಾತ್ರ. ಎಲ್ಲ ಕೋಟ್‌ಗಳಲ್ಲೂ ಒಂದೇ ಐಡಿವಿ ಹಾಕಿಸಿ ಆಮೇಲೆ ಹೋಲಿಸಿ.

ಡಿಎಲ್ ಬಗ್ಗೆ ಒಂದು ಮಾತು. 55 ದಾಟಿದ ಮೇಲೆ ರಿನ್ಯೂ ಆದದ್ದು ಐದೈದು ವರ್ಷಕ್ಕೆ ಮಾತ್ರ, ಡಾಕ್ಟರ ಸರ್ಟಿಫಿಕೇಟ್ ಬೇಕು. ಅಪಘಾತದ ದಿನ ಡಿಎಲ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಎಷ್ಟು ಪ್ರೀಮಿಯಂ ಕಟ್ಟಿದ್ದರೂ ನಿಮ್ಮ ಕಾರಿನ ಕ್ಲೇಮ್ ತಿರಸ್ಕಾರವಾಗಬಹುದು. ಈಗಲೇ ಎದ್ದು ಹೋಗಿ ಕಾರ್ಡಿನ ತಾರೀಖು ನೋಡಿ ಬನ್ನಿ.

ಎಲ್ಲಿ ಕೊಳ್ಳಬೇಕು

ಶೋರೂಮ್ ಸುಲಭ, ಆದರೆ ದುಬಾರಿ. ಬೇಡದ ಕಟ್ಟನ್ನೆಲ್ಲ ಹಾಕಿಯೇ ಬಿಲ್ ಕಳಿಸುತ್ತಾರೆ. ಆನ್‌ಲೈನ್ ಅಗ್ಗ, ಕಿಲೋಮೀಟರ್ ಪಾಲಿಸಿಯೂ ಅಲ್ಲಿ ಬೇಗ ಸಿಗುತ್ತದೆ. ಕ್ಲೇಮ್ ದಿನ ಮಾತ್ರ ಆ್ಯಪ್‌ನಲ್ಲಿ ಫೋಟೊ ಹಾಕುತ್ತಾ ಕೂರಬೇಕು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಸರ್ಕಾರಿ ಕಂಪನಿಗಳಿಗೆ ಊರಲ್ಲಿ ಶಾಖೆಗಳಿವೆ, ಎದುರಿಗೆ ಕೂತು ಮಾತಾಡಬಹುದು. ಒಳ್ಳೆಯ ಏಜೆಂಟ್ ಪರಿಚಯ ಇದ್ದರೆ ಅವರ ಮೂಲಕವೇ ಮಾಡಿಸಿ, ರಾತ್ರಿ ಹತ್ತಕ್ಕೂ ಫೋನ್ ತೆಗೆಯುವ ಮನುಷ್ಯ ನಮ್ಮ ವಯಸ್ಸಿನಲ್ಲಿ ಬೇಕು.

ನಾನು ಮೊದಲು ನೋಡಿದ್ದು ಕಂಪನಿಯ ಹೆಸರಲ್ಲ, ನಾನು ಬಿಡುವ ಮೈಸೂರು ರಸ್ತೆಯ ಗ್ಯಾರೇಜು ಅವರ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇದೆಯಾ ಅಂತ. ಕ್ಲೇಮ್ ಕೊಡದೆ ಸತಾಯಿಸಿದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ಕೇಳುವ ಅಧಿಕಾರಿ, ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕಚೇರಿ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರೂ ಬೇಡ.

ನನ್ನದು ಕೊನೆಗೆ ಹೀಗಾಯಿತು. ಐಡಿವಿ ಅದೇ 3.4 ಲಕ್ಷ. 5,000 ಕಿಲೋಮೀಟರ್ ಮಿತಿ, 5,000 ವಾಲಂಟರಿ, ಎರಡೂ ಸೇರಿ ಓಡಿ 5,800ಕ್ಕೆ ಇಳಿಯಿತು. ಬೋನಸ್ ಕಳೆದು 2,900. ಥರ್ಡ್ ಪಾರ್ಟಿ 3,416, ಅಪಘಾತ ವಿಮೆ 350, ಎಂಜಿನ್ 450, ರೋಡ್‌ಸೈಡ್ 150, ಡ್ರೈವರ್ 50. ಜಿಎಸ್‌ಟಿ ಸೇರಿ 8,633. ಶೋರೂಮಿನ ಬಿಲ್ಲಿಗಿಂತ 3,245 ಕಡಿಮೆ.

ಪಾಲಿಸಿ ಶುರುವಾಗುವ ಮೊದಲು ಓಡೋಮೀಟರ್ ಫೋಟೊ ಕಳಿಸಿ ಅಂದರು. ನಾನು ತೆಗೆದ ಮೂರು ಫೋಟೊದಲ್ಲೂ ಗಾಜಿನ ಮೇಲೆ ನನ್ನ ಮುಖವೇ ಕಾಣುತ್ತಿತ್ತು. "ಕೊಡಿ ಇಲ್ಲಿ" ಅಂತ ನಮ್ಮ ಮನೆಯವರು ಫೋನ್ ಕಿತ್ತುಕೊಂಡು, ಸೆರಗನ್ನು ಕಿಟಕಿಗೆ ಅಡ್ಡ ಹಿಡಿದು, ಒಂದೇ ಸಲಕ್ಕೆ ತೆಗೆದರು. 31,482. ಆ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದೇವೆ. 36,482 ಆಗುವ ಹೊತ್ತಿಗೆ ಟಾಪ್‌ಅಪ್ ಮಾಡಬೇಕು.